ಕೆರೆಯ ಮೇಲೆ ಆಡಿ ಕಟ್ಟಿದ ಮನೆ

ನಮ್ಮ ವಾಚಕರಲ್ಲಿ ಹೆಚ್ಚಿನವರಿಗೆ ಮಂಜುಗಡ್ಡೆಯೆಂಬುದು ಬೇಸಗೆಯ ಪದಾರ್ಥ. ಮದುವೆಮನೆಯ ಪಾನಕದ ಹಂಡೆಗೆಂದು ಗೋಣಿತಟ್ಟಿನಲ್ಲಿ ಸುತ್ತಿ, ಮರದ ಹೊಟ್ಟಿನಲ್ಲಿ ಹುದುಗಿಸಿ ತಂದ ಗಡ್ಡೆ. ಶಾಲೆಯ ಬಾಗಿಲಲ್ಲಿ ಮಕ್ಕಳು ಚೀಪುವ ಬಣ್ಣದ ಐಸ್ ಕಡ್ಡಿ. ಈಗೀಗ ಅಡುಗೆಮನೆಯ ಫ್ರಿಜ್ಜಿನ ಮೇಲಂತಸ್ತಿನಲ್ಲಿ ತಾನೇ ಕಟ್ಟಿಕೊಳ್ಳುವ ಬಿಳಿಯ ಪದರ. ಇದಿಷ್ಟೇ ನಮಗೂ ಅದಕ್ಕೂ ಇರುವ ಪರಿಚಯ. ಆದರೆ ಅದರ ಮೇಲೆ ಮಕ್ಕಳೂ ಮುದುಕರೂ ಓಡಾಡುವ ದೇಶಗಳುಂಟು. ಅದಕ್ಕಾಗಿ ಊರಿಗೊಂದು ದೊಡ್ಡ ಮನೆಯನ್ನು ಕಟ್ಟುವವರುಂಟು. ಆ ಮನೆ ಹಳೆಯದಾಗಿ ಮಾಡು ಕುಸಿಯುವ ಸ್ಥಿತಿಗೆ ಬಂದಾಗ, ನಮ್ಮ ಹಳ್ಳಿಯ ಹಿರಿಯರು ಗುಡಿಯ ಜೀರ್ಣೋದ್ಧಾರಕ್ಕೆ ಮನೆಮನೆಗೆ ಹೋಗಿ ಚಂದಾ ಎತ್ತುವಂತೆ, ಅದಕ್ಕಾಗಿ ಜೋಳಿಗೆ ಹಿಡಿಯುವವರೂ ಉಂಟು. ಅಂಥ ಒಂದು ಹಳ್ಳಿಯ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದಿದ್ದೇವೆ.

ಈ ಮನೆಗೆ ಕೆನಡಾ ದೇಶದವರು ಅರೀನಾ ಎನ್ನುವರು. ರಿಂಕು ಎಂದೂ ವಾಡಿಕೆಯುಂಟು. ಒಳಗೆ 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಅಂಗಣ. ಅದರ ಸುತ್ತ ಎದೆಮಟ್ಟದ ಹಲಗೆಯ ಗೋಡೆ. ನೋಡುವವರಿಗೆ ಮೆಟ್ಟಿಲುಮೆಟ್ಟಿಲಾಗಿ ಬೆಂಚುಗಳು. ಮೇಲೆ, ನಡುವೆ ಒಂದು ಕಂಬವೂ ಇಲ್ಲದೆ ಗೋಡೆಯಿಂದ ಗೋಡೆಗೆ ಹಾಯ್ದ ಮಾಡು. ಆಟಗಾರರು ಉಕ್ಕಿನ ಅಲಗನ್ನು ಜೋಡಿಸಿದ ಬೂಟುಗಳನ್ನು ತೊಟ್ಟು ಜಾರುತ್ತ, ಉದ್ದನೆಯ ಕೋಲಿನಿಂದ ರಬ್ಬರಿನ ಬಿಲ್ಲೆಯೊಂದನ್ನು ಎದುರಾಳಿಯ ಗೋಲಿಗೆ ಹೊಡೆಯುವರು. ಆ ಬಿಲ್ಲೆಗೆ ಪಕ್ ಎಂದು ಹೆಸರು. ನಮ್ಮವರು ಹುಲ್ಲಿನ ಮೇಲೆ ಆಡುವ ಹಾಕಿಗೆ ಇದು ದಾಯಾದಿ. ಆದರೆ ಆ ದೇಶದಲ್ಲಿ ಬರಿದೆ ‘ಹಾಕಿ’ ಎಂದರೆ ಮಂಜುಗಡ್ಡೆಯ ಆಟವೇ ಹೊರತು ಬೇರೆಯಲ್ಲ.

ಇಲ್ಲಿ ವಾಚಕರು ಒಂದು ಪ್ರಶ್ನೆಯನ್ನು ಕೇಳಿಯೇ ಕೇಳುವರು. ವರ್ಷದಲ್ಲಿ ನಾಲ್ಕೈದು ತಿಂಗಳು ಕೆರೆಕುಂಟೆಗಳೆಲ್ಲ ಕಲ್ಲಿನಂತೆ ಗಡ್ಡೆಕಟ್ಟುವ ನಾಡಿನಲ್ಲಿ, ಮನೆ ಕಟ್ಟಿ, ಯಂತ್ರವಿಟ್ಟು, ವಿದ್ಯುತ್ತಿಗೆ ಹಣ ತೆತ್ತು ಮಂಜುಗಡ್ಡೆಯನ್ನು ಮಾಡುವುದೇಕೆ? ಸಮುದ್ರದ ದಂಡೆಯಲ್ಲಿ ನಿಂತು ಉಪ್ಪನ್ನು ಕ್ರಯಕ್ಕೆ ತಂದಂತಾಗಲಿಲ್ಲವೇ? ನಮಗೂ ಮೊದಲು ಹಾಗೆಯೇ ತೋರಿತು. ವಿಚಾರಿಸಿದರೆ ಕಾರಣ ಸರಳವಾದುದು. ಕೆರೆ ತನ್ನ ಇಚ್ಛೆಯಂತೆ ಗಟ್ಟಿಯಾಗುತ್ತದೆ, ತನ್ನ ಇಚ್ಛೆಯಂತೆ ಕರಗುತ್ತದೆ. ಒಂದು ದಿನ ಮಳೆ ಬಂದರೆ ಆಟ ನಿಂತಿತು. ಹಿಮ ಬಿದ್ದರೆ ಗುದ್ದಲಿ ಹಿಡಿದು ಗೋರಬೇಕು. ಗುಂಪಾಗಿ ಆಡಬೇಕಾದರೆ ಗಡ್ಡೆ 20 ಸೆಂಟಿಮೀಟರಿನಷ್ಟಾದರೂ ದಪ್ಪವಿರಬೇಕೆಂದು ಆ ದೇಶದ ರೆಡ್ ಕ್ರಾಸ್ ಸಂಸ್ಥೆ ಹೇಳುತ್ತದೆ. ಅಷ್ಟಿಲ್ಲದ ಕಡೆ ಮಕ್ಕಳನ್ನು ಬಿಡಲು ಯಾವ ತಾಯಿಗೆ ಧೈರ್ಯ ಬಂದೀತು? ಅರೀನಾದಲ್ಲಾದರೋ ಶರತ್ಕಾಲದಿಂದ ವಸಂತದವರೆಗೆ ನಂಬಿಗೆಯ ನೆಲ ಸಿಕ್ಕುತ್ತದೆ.

ಆ ನೆಲವನ್ನು ಸಿದ್ಧಪಡಿಸುವ ಕ್ರಮ ತಿಳಿಯತಕ್ಕದ್ದು. ಅಂಗಣದ ಕಾಂಕ್ರೀಟಿನ ಒಳಗೆ ಸಾಲುಸಾಲಾಗಿ ಕೊಳವೆಗಳು ಹುದುಗಿರುತ್ತವೆ. ಅವುಗಳಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಲವಣವನ್ನು ಕರಗಿಸಿದ ನೀರು ಹರಿಯುತ್ತದೆ. ಲವಣದ ದೆಸೆಯಿಂದ ಅದು ಸೊನ್ನೆ ಡಿಗ್ರಿಗಿಂತ ಬಹಳ ಕೆಳಗಿಳಿದರೂ ಗಡ್ಡೆಕಟ್ಟುವುದಿಲ್ಲ. ಆ ಉಪ್ಪುನೀರನ್ನು ತಣಿಸುವುದು ಅಮೋನಿಯಾ; ಅದು ಪಕ್ಕದ ಕೋಣೆಯ ಯಂತ್ರದಲ್ಲಿ ಒತ್ತಡಕ್ಕೆ ಸಿಕ್ಕಿ ದ್ರವವಾಗಿ, ಮತ್ತೆ ಹಬೆಯಾಗುವಾಗ ಸುತ್ತಣ ಶಾಖವನ್ನು ಹೀರಿಕೊಳ್ಳುತ್ತದೆ. ನೆಲ ಸಾಕಷ್ಟು ತಣ್ಣಗಾದ ಮೇಲೆ ಕೆಲಸಗಾರರು ತೆಳುವಾಗಿ ನೀರನ್ನು ಸಿಂಪಡಿಸುವರು. ಅದು ಹೆಪ್ಪುಗಟ್ಟಿದ ಮೇಲೆ ಮತ್ತೊಂದು ಸಿಂಪರಣೆ. ಪಕ್ ಕಣ್ಣಿಗೆ ಕಾಣಲೆಂದು ನಡುವೆ ಬಿಳಿಯ ಬಣ್ಣ ಬಳಿದು, ಕೆಂಪು ನೀಲಿ ಗೆರೆಗಳನ್ನೆಳೆದು, ಅದರ ಮೇಲೆ ಇನ್ನಷ್ಟು ನೀರು. ನಮ್ಮ ಹೆಂಗಸರು ಹೊಸ ಮನೆಯ ನೆಲವನ್ನು ಪದರಪದರವಾಗಿ ಸಾರಿಸಿ ಗಟ್ಟಿಮಾಡುತ್ತಿದ್ದ ತಾಳ್ಮೆಯೇ ಇಲ್ಲಿಯೂ ಬೇಕು. ಇಷ್ಟೆಲ್ಲ ಆಗಿ ಮುಗಿದರೂ ಗಡ್ಡೆಯ ದಪ್ಪ ಅಂಗುಲ, ಒಂದೂವರೆ ಅಂಗುಲಕ್ಕಿಂತ ಹೆಚ್ಚಿರುವುದಿಲ್ಲ.

ಆಟವಾಡಿದಂತೆಲ್ಲ ಬೂಟಿನ ಅಲಗುಗಳು ನೆಲವನ್ನು ಗೀರುವುವು. ಹಿಂದೆ ಅದನ್ನು ಸರಿಪಡಿಸಲು ಹಲವು ಆಳುಗಳು ಹೆರೆದು, ಗುಡಿಸಿ, ನೀರೆರೆದು ಒಂದು ಗಂಟೆಗೂ ಮೀರಿ ದುಡಿಯಬೇಕಾಗಿದ್ದಿತು. 1949ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫ್ರಾಂಕ್ ಜಾಂಬೋನಿ ಎಂಬಾತನು ಇವನ್ನೆಲ್ಲ ಒಂದೇ ಸಲ ಮಾಡುವ ಬಂಡಿಯನ್ನು ರಚಿಸಿದನು. ಈತನ ಮನೆತನದ ವ್ಯಾಪಾರ ಮಂಜುಗಡ್ಡೆಯ ಕಾರಖಾನೆ. ತಂಪುಪೆಟ್ಟಿಗೆಗಳು ಬಂದು ಗಡ್ಡೆ ಕೊಳ್ಳುವವರು ಕಡಿಮೆಯಾದಾಗ, ಮಾರಲಾಗದ ತಂಪನ್ನು ನೆಲಕ್ಕೆ ಹಾಸಿ ರಿಂಕು ತೆರೆದವರು ಇವರು. ವ್ಯಾಪಾರ ಮುಳುಗಿದಾಗ ಕೈಕಟ್ಟಿ ಕೂರದವರ ಬುದ್ಧಿ ಹೀಗಿರುತ್ತದೆ. ಈ ಬಂಡಿ ಗಡ್ಡೆಯ ಮೇಲೆ ಹರಡುವುದು ತಣ್ಣೀರನ್ನಲ್ಲ, ಸಾಮಾನ್ಯವಾಗಿ ಬಿಸಿನೀರನ್ನು. ಬಿಸಿನೀರು ಹಳೆಯ ಪದರವನ್ನು ತುಸು ಕರಗಿಸಿ ಅದರೊಡನೆ ಬೆಸೆದುಕೊಳ್ಳುತ್ತದೆ. ಅದರಲ್ಲಿ ಗಾಳಿಯ ಗುಳ್ಳೆಗಳೂ ಕಡಿಮೆ. ಆದುದರಿಂದ ನೆಲ ಕನ್ನಡಿಯಂತಾಗುತ್ತದೆ.

ಊರಿಗೆ ಈ ಮನೆಯಿಂದ ಆಗುವುದು ಬರಿಯ ಆಟವೊಂದೇ ಅಲ್ಲ. ಹೊರಗೆ ಕತ್ತಲೆ, ಚಳಿ, ಹೊಲದಲ್ಲಿ ಕೆಲಸವಿಲ್ಲ, ಒಂದು ಮನೆಯಿಂದ ಇನ್ನೊಂದಕ್ಕೆ ಮೈಲಿಗಟ್ಟಲೆ ದೂರ. ಅಂಥಲ್ಲಿ ಊರಿನವರು ಒಬ್ಬರ ಮುಖ ಒಬ್ಬರು ನೋಡುವ ತಾಣ ಇದೇ. ಮಕ್ಕಳನ್ನು ಬೆಳಗಿನ ಜಾವಕ್ಕೆ ಎಬ್ಬಿಸಿ ಅಭ್ಯಾಸಕ್ಕೆ ಕರೆತಂದ ತಾಯಂದಿರು ಬೆಂಚಿನ ಮೇಲೆ ಕಂಬಳಿ ಹೊದ್ದು ಕುಳಿತು ಕಾಫಿ ಕುಡಿಯುವರು. ತಿಂಡಿಯ ಅಂಗಡಿಯನ್ನು ಸರದಿಯ ಮೇಲೆ ತಾವೇ ನಡೆಸುವರು. ಅನೇಕ ಅರೀನಾಗಳ ಹೆಸರಿನಲ್ಲಿ ‘ಸ್ಮಾರಕ’ ಎಂಬ ಮಾತು ಸೇರಿರುವುದು. ಯುದ್ಧದಲ್ಲಿ ಮಡಿದ ಊರಿನ ಹುಡುಗರ ನೆನಪಿಗೆ ಕಲ್ಲಿನ ಕಂಬ ನೆಡುವುದಕ್ಕಿಂತ, ಬದುಕಿರುವ ಹುಡುಗರು ಆಡುವ ಮನೆ ಕಟ್ಟುವುದು ಲೇಸೆಂದು ಆ ಕಾಲದವರು ಎಣಿಸಿದರು. ಇನ್ನೂ ಹಲವು 1967ರ ಆಸುಪಾಸಿನಲ್ಲಿ, ಕೆನಡಾ ಒಕ್ಕೂಟದ ಶತಮಾನೋತ್ಸವದ ಉತ್ಸಾಹದಲ್ಲಿ ಎದ್ದಂಥವು. ಎಂದರೆ, ಒಂದೇ ತಲೆಮಾರಿನಲ್ಲಿ ಹುಟ್ಟಿದ ಈ ಕಟ್ಟಡಗಳೆಲ್ಲ ಒಟ್ಟಿಗೇ ಮುದಿಯಾಗಿವೆ. ಅವನ್ನು ಕಟ್ಟಿದ ಊರುಗಳಲ್ಲಿ ಎಷ್ಟೋ ಈ ನಡುವೆ ಬಡಕಲಾಗಿವೆ, ಯುವಕರು ಪಟ್ಟಣಗಳಿಗೆ ಹೋಗಿದ್ದಾರೆ.

ಮುದಿ ಅರೀನಾದಲ್ಲಿ ಭಯಪಡಬೇಕಾದ ಸ್ಥಳಗಳು ಎರಡು: ಮಾಡು ಮತ್ತು ಯಂತ್ರದ ಕೋಣೆ. ಕಂಬವಿಲ್ಲದ ಮಾಡಿನ ಮೇಲೆ ಹಿಮ ರಾಶಿಬಿದ್ದಾಗ ಅದರ ತೂಕ ಸಾಮಾನ್ಯವಲ್ಲ. 1959ರ ಫೆಬ್ರವರಿ 28ರಂದು ಒಂಟೇರಿಯೋ ಪ್ರಾಂತದ ಲಿಸ್ಟೋವೆಲ್ ಎಂಬ ಚಿಕ್ಕ ಪಟ್ಟಣದಲ್ಲಿ ಹುಡುಗರು ಆಡುತ್ತಿರುವಾಗಲೇ ಅರೀನಾದ ಮಾಡು ಕುಸಿಯಿತು. ಏಳು ಮಂದಿ ಹುಡುಗರೂ ಅವರೊಡನಿದ್ದ ಕ್ರೀಡಾಧಿಕಾರಿಯೂ ಮಡಿದರು. ಆ ಕಟ್ಟಡ ಹಳೆಯದೇನೂ ಆಗಿರಲಿಲ್ಲ. ಹೊಸತಾದರೂ ಬಲವಿಲ್ಲದಿದ್ದರೆ ಆಗುವ ಅನಾಹುತ ಅದು. ಆಲ್ಬರ್ಟಾ ಪ್ರಾಂತದ ಸಿಲ್ವನ್ ಲೇಕಿನಲ್ಲಿ 2014ರ ಜನವರಿಯಲ್ಲಿ ಅಂಥದೇ ಮಾಡು ಹಿಮದ ಭಾರಕ್ಕೆ ಬಿದ್ದಾಗ, ದೈವವಶಾತ್ ಯಾರಿಗೂ ಪೆಟ್ಟಾಗಲಿಲ್ಲ. ಯಂತ್ರದ ಕೋಣೆಯ ಅಪಾಯ ಇನ್ನೂ ಗುಪ್ತವಾದುದು. ಬ್ರಿಟಿಷ್ ಕೊಲಂಬಿಯಾದ ಫರ್ನಿ ಎಂಬ ಬೆಟ್ಟದೂರಿನ ಸ್ಮಾರಕ ಅರೀನಾದಲ್ಲಿ 2017ರ ಅಕ್ಟೋಬರ್ 17ರಂದು ಅಮೋನಿಯಾ ಸೋರಿ, ದುರಸ್ತಿಗೆ ಬಂದಿದ್ದ ಮೂವರು ಪ್ರಾಣ ಬಿಟ್ಟರು. ನೆರೆಯ ಮನೆಗಳವರನ್ನೆಲ್ಲ ಹೊರಡಿಸಬೇಕಾಯಿತು. ಉಪ್ಪುನೀರನ್ನು ತಣಿಸುವ ಹಳೆಯ ಪಾತ್ರೆಯ ಕೊಳವೆಯೊಂದರಲ್ಲಿ ತೂತು ಬಿದ್ದಿದ್ದಿತೆಂದೂ, ಸೋರಿಕೆಯ ಸುಳಿವು ಕೆಲವು ತಿಂಗಳ ಹಿಂದೆಯೇ ಸಿಕ್ಕಿದ್ದರೂ ಅದನ್ನು ಮತ್ತೆ ಬಳಕೆಗೆ ತಂದರೆಂದೂ ತನಿಖೆಯಿಂದ ಹೊರಬಿದ್ದಿತು. ‘ಇನ್ನೊಂದು ವರ್ಷ ಹೇಗೋ ನಡೆಯಲಿ’ ಎಂಬ ಮಾತು ನಮ್ಮ ಮನೆಗಳಲ್ಲಿಯೂ ಹೊಸತಲ್ಲ. ಸೋರುವ ಹೆಂಚಿನ ವಿಷಯದಲ್ಲಿ ನಾವೂ ಅದನ್ನು ಹೇಳಿದವರೇ.

ಇನ್ನು ನಮ್ಮ ಮುಖ್ಯ ವೃತ್ತಾಂತಕ್ಕೆ ಬರೋಣ. ಕೆನಡಾದ ಪೂರ್ವದಂಚಿನಲ್ಲಿ ನ್ಯೂ ಬ್ರನ್ಸ್‌ವಿಕ್ ಎಂಬ ಕಾಡುನಾಡಿನ ಪ್ರಾಂತವಿರುವುದು. ಅಲ್ಲಿ ಟೊಬೀಕ್ ನದಿಯ ದಡದಲ್ಲಿ ಪ್ಲಾಸ್ಟರ್ ರಾಕ್ ಎಂಬ ಹಳ್ಳಿ. ಅಲ್ಲಿ ಸಿಕ್ಕುವ ಜಿಪ್ಸಮ್ ಕಲ್ಲಿನಿಂದ, ಎಂದರೆ ಗಾರೆಕಲ್ಲಿನಿಂದ, ಅದಕ್ಕೆ ಆ ಹೆಸರು. ಜನಸಂಖ್ಯೆ 2016ರ ಗಣತಿಯಲ್ಲಿ ಒಂದು ಸಾವಿರದ ಚಿಲ್ಲರೆ. ಜೀವನೋಪಾಯ ಕಾಡು, ಮರ, ಮರಕೊಯ್ಯುವ ಕಾರಖಾನೆ. ಊರಿನ ಹೆಮ್ಮೆಯೆಂದರೆ ವಸಂತದಲ್ಲಿ ನದಿಯ ದಡದಲ್ಲಿ ಏಳುವ, ಪಿಟೀಲಿನ ತಲೆಯಂತೆ ಸುರುಳಿ ಸುತ್ತಿಕೊಂಡ ಜರಿಗಿಡದ ಎಳೆಚಿಗುರು. ಇದನ್ನು ಬೇಯಿಸಿ ತಿನ್ನುವರು. ಅದರ ದೊಡ್ಡದೊಂದು ಮರದ ಪ್ರತಿಮೆಯನ್ನೂ ಊರಿನಲ್ಲಿ ನಿಲ್ಲಿಸಿರುವರು. ನಮ್ಮ ಕೊಡಗಿನವರು ತೆರ್ಮೆ ತೊಪ್ಪು ಎಂದು ಮಳೆಗಾಲದಲ್ಲಿ ಕಿತ್ತು ತಂದು ಪಲ್ಯ ಮಾಡುವುದು ಇದರ ಸೋದರ ಜಾತಿಯನ್ನೇ. ಭೂಮಿಯ ಆ ಕಡೆಯ ಹೆಣ್ಣುಮಕ್ಕಳೂ ಈ ಕಡೆಯ ಹೆಣ್ಣುಮಕ್ಕಳೂ ಒಂದೇ ಸೊಪ್ಪನ್ನು ಹೊಳೆದಡದಲ್ಲಿ ಹುಡುಕುತ್ತಾರೆಂದು ತಿಳಿದಾಗ ನಮಗೆ ಸಂತೋಷವಾಯಿತು.

ಈ ಹಳ್ಳಿಯ ಅರೀನಾ ಹಳತಾಗಿದ್ದಿತು. ಅದರ ಸ್ಥಾನದಲ್ಲಿ ಮತ್ತೊಂದು ಬೇಕಾಗಿದ್ದಿತು. ಅಷ್ಟು ದೊಡ್ಡ ಮೊತ್ತವನ್ನು ಒಂದು ಸಾವಿರ ಜನ ಎಲ್ಲಿಂದ ತಂದಾರು? ಊಟದ ಕೂಟಗಳು, ಲಾಟರಿ ಚೀಟಿ, ಮನೆಯಲ್ಲಿ ಸುಟ್ಟ ತಿಂಡಿಗಳ ಮಾರಾಟ, ಇವು ಅಂಥ ಊರುಗಳಲ್ಲಿ ಎಂದಿನಿಂದಲೂ ನಡೆಯುವ ಸಂಗತಿ; ಅವುಗಳಿಂದ ಕೊಡೆ ಕೊಳ್ಳಬಹುದೇ ಹೊರತು ಮಾಡು ಕಟ್ಟಲಾಗದು. ಆಗ ಊರಿನ ಕೆಲವರಿಗೆ ತಮ್ಮ ಕಣ್ಣೆದುರಿಗೇ ಇದ್ದ ವಸ್ತುವೊಂದು ಕಂಡಿತು. ಅದು ಊರಿನೊಳಗಣ ರೌಲ್‌ಸ್ಟನ್ ಎಂಬ ಸಣ್ಣ ಕೆರೆ. ಚಳಿಗಾಲದಲ್ಲಿ ಅದು ಊರಿನ ಯಾವ ವೆಚ್ಚವೂ ಇಲ್ಲದೆ ತಾನಾಗಿ ಗಡ್ಡೆಕಟ್ಟುತ್ತಿದ್ದಿತು. ನಮ್ಮ ಅಜ್ಜಂದಿರು ಆಡಿದಂತೆ ಕೆರೆಯ ಮೇಲೆ ಆಡೋಣ, ಆಡಬಯಸುವವರನ್ನೆಲ್ಲ ಕರೆಯೋಣ, ಪ್ರವೇಶಶುಲ್ಕ ತೆಗೆದುಕೊಳ್ಳೋಣ ಎಂದರು. ಹೆಸರನ್ನು ಮಾತ್ರ ಸಣ್ಣದಾಗಿಡಲಿಲ್ಲ. ‘ಕೆರೆಯ ಹಾಕಿಯ ವಿಶ್ವ ಪಂದ್ಯಾವಳಿ’ ಎಂದು ಸಾರಿದರು! 2002ರಲ್ಲಿ ಮೊದಲ ಸಲ ನಡೆದಾಗ ಬಂದವರು ನೆರೆಯ ಪ್ರಾಂತಗಳವರು, ಗಡಿಯಾಚೆಯ ಅಮೆರಿಕದ ಮೇಯ್ನ್ ಸಂಸ್ಥಾನದವರು. ವಿಶ್ವವೆಂಬ ಮಾತು ಆಗ ನಗೆಯ ಮಾತೇ ಆಗಿದ್ದಿರಬೇಕು. ಕೆಲವು ವರ್ಷಗಳಲ್ಲಿ ಅದು ನಿಜವಾಯಿತು: ಸಂಖ್ಯೆ 120 ತಂಡಗಳಿಗೆ ಏರಿತು, ಸಮುದ್ರದಾಚೆಯ ದೇಶಗಳಿಂದಲೂ ಜನ ಬಂದರು, ಹಿಮವನ್ನೇ ಕಾಣದ ಕೇಮನ್ ದ್ವೀಪಗಳಿಂದಲೂ ಒಂದು ತಂಡ ಬಂದಿತು.

ಆಟದ ನಿಯಮಗಳನ್ನು ಕೇಳಿದರೆ ಹಳ್ಳಿಯವರ ಜಾಣತನ ತಿಳಿಯುತ್ತದೆ. ತಂಡಕ್ಕೆ ನಾಲ್ವರು ಮಾತ್ರ ಅಂಗಣದಲ್ಲಿ, ಗೋಲನ್ನು ಕಾಯುವವನಿಲ್ಲ. ಗೋಲೆಂದರೆ ಬಲೆಯಲ್ಲ, ನೆಲಕ್ಕೆ ತಾಗಿದಂತೆ ಎರಡು ಕೊನೆಗಳಲ್ಲಿ ಚಿಕ್ಕ ಕಂಡಿಗಳನ್ನು ಕೊರೆದ ಮರದ ಪೆಟ್ಟಿಗೆ. ಅದರೊಳಗೆ ಪಕ್ಕನ್ನು ತೂರಿಸಬೇಕಾದರೆ ಬಲ ಸಾಲದು, ಉಪಾಯ ಬೇಕು. ಕಾಯುವವನಿಲ್ಲದ ಮೇಲೆ ಅವನ ದುಬಾರಿ ಕವಚಗಳ ಖರ್ಚೂ ಇಲ್ಲ. ಪಕ್ಕನ್ನು ಮೇಲೆತ್ತಿ ಹೊಡೆದು ಪ್ರಯೋಜನವಿಲ್ಲದುದರಿಂದ ಪೆಟ್ಟುಗಳೂ ಕಡಿಮೆ. ಕೆರೆಯ ಮೇಲಿನ ಹಿಮವನ್ನು ಗೋರಿ ಇಪ್ಪತ್ತಕ್ಕೂ ಹೆಚ್ಚು ಅಂಗಣಗಳನ್ನು ಮಾಡುವರು. ಗೋರಿದ ಹಿಮದ ದಿಬ್ಬವೇ ಒಂದಕ್ಕೂ ಇನ್ನೊಂದಕ್ಕೂ ನಡುವಣ ಗೋಡೆ. ಫೆಬ್ರವರಿಯ ಆ ದಿನಗಳಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಕ್ಕೆ ಇಳಿಯುವುದೂ ಉಂಟು. ಗೆದ್ದವರಿಗೆ ಕೊಡುವ ಬಹುಮಾನ, ಆ ದೇಶದ ಹೆಸರುವಾಸಿಯಾದ ಬೆಳ್ಳಿಯ ಸ್ಟಾನ್ಲಿ ಬಟ್ಟಲಿನ ಮರದ ಪ್ರತಿರೂಪ.

ಆದರೆ ಈ ಆಟದ ಭಾರ ಹೊತ್ತವರು ಆಟಗಾರರಲ್ಲ. ರಾತ್ರಿಯ ಹೊತ್ತು ಕೆರೆಗೆ ನೀರೆರೆದು ನುಣುಪು ಮಾಡಿದವರು, ಬೆಳಗ್ಗೆ ಹಿಮ ಬಿದ್ದರೆ ಸನಿಕೆ ಹಿಡಿದು ಬಂದವರು, ಎಣಿಕೆಯ ಚೀಟಿ ಬರೆದವರು, ದೊಡ್ಡ ಪಾತ್ರೆಗಳಲ್ಲಿ ಸಾರು ಕುದಿಸಿದವರು, ವಾಹನಗಳನ್ನು ನಿಲ್ಲಿಸಿದವರು, ಎಲ್ಲರೂ ಸಂಬಳವಿಲ್ಲದ ಊರವರೇ. ಬಂದ ಅಷ್ಟೂ ಜನ ತಂಗುವಷ್ಟು ವಸತಿಗೃಹಗಳು ಆ ಹಳ್ಳಿಯಲ್ಲಿ ಎಲ್ಲಿಂದ ಬರಬೇಕು? ಮನೆಗಳವರು ತಮ್ಮ ಕೋಣೆಗಳನ್ನು ಬಿಟ್ಟುಕೊಟ್ಟರು. ನಮ್ಮ ಊರುಗಳಲ್ಲಿ ಜಾತ್ರೆಯ ದಿನ ಗುರುತಿಲ್ಲದವರಿಗೂ ಜಗಲಿಯಲ್ಲಿ ಚಾಪೆ ಹಾಸಿಕೊಟ್ಟ ಕಾಲವನ್ನು ಬಲ್ಲ ಹಿರಿಯರಿಗೆ ಇದು ಅರ್ಥವಾದೀತು. ಹೀಗೆ ವರ್ಷ ವರ್ಷವೂ ಕೂಡಿದ ಹಣ ಹೊಸ ಕಟ್ಟಡಕ್ಕೆ ಸಂದಿತು. ಇಂದು ಆ ಹಳ್ಳಿಯಲ್ಲಿ ಟೊಬೀಕ್ ಪ್ಲೆಕ್ಸ್ ಎಂಬ ಹೆಸರಿನ ಅರೀನಾ ನಿಂತಿರುವುದು.

ಇದೇ ಪ್ಲಾಸ್ಟರ್ ರಾಕಿನಿಂದ ಪೂರ್ವಕ್ಕೆ 108ನೆಯ ಸಂಖ್ಯೆಯ ಹೆದ್ದಾರಿಯೊಂದು ಹೊರಡುತ್ತದೆ. ಎಂಬತ್ತು ಮೈಲಿಯ ಹಾದಿ ಬರಿಯ ಕಾಡು; ನಡುವೆ ಊರಿಲ್ಲ; ಅಡ್ಡಬರುವುದು ಮೂಸ್ ಎಂಬ ದೈತ್ಯ ಕಡವೆ. ಆ ಹಾದಿ ಕಾಡಿನಿಂದ ಹೊರಬೀಳುವ ಕಡೆ ರೆನೂಸ್ ಎಂಬ ಗ್ರಾಮ. ಇಲ್ಲಿಯವರಿಗೂ ದುರಸ್ತಿಗಾಗಿ ಕಾದಿದ್ದ ಟಾಮ್ ಡೊನೊವನ್ ಅರೀನಾ ಎಂಬ ಮನೆಯಿದ್ದಿತು. ಇವರು ಹಿಡಿದ ದಾರಿ ಬೇರೆ. ಕ್ರಾಫ್ಟ್ ಎಂಬ ಆಹಾರದ ಕಂಪೆನಿಯು 2006ರಿಂದ ‘ಹಾಕಿವಿಲ್’ ಎಂಬ ಸ್ಪರ್ಧೆಯನ್ನು ನಡೆಸುತ್ತಿದೆ. ಊರಿನವರು ತಮ್ಮ ಅರೀನಾದ ಕಥೆಯನ್ನು ಬರೆದು ಕಳುಹಿಸಬೇಕು. ಕೊನೆಗೆ ಆರಿಸಿದ ಕೆಲವೇ ಊರುಗಳ ನಡುವೆ ದೇಶದ ಜನ ಮತ ಹಾಕುವರು. 2019ರಲ್ಲಿ ರೆನೂಸ್ ಗೆದ್ದಿತು. ಅರೀನಾದ ಸುಧಾರಣೆಗೆ 250,000 ಕೆನಡಾ ಡಾಲರುಗಳು ದೊರೆತವು. ಬಹುಮಾನದ ಅಂಗವಾಗಿ ಆ ಸೆಪ್ಟೆಂಬರಿನಲ್ಲಿ ಮಾಂಟ್ರಿಯಲ್ ಮತ್ತು ಫ್ಲಾರಿಡಾದ ವೃತ್ತಿನಿರತ ತಂಡಗಳು ಅದೇ ಪ್ರಾಂತದ ಬಾಥರ್ಸ್ಟ್ ಪಟ್ಟಣದಲ್ಲಿ ಪಂದ್ಯವಾಡಿದವು. ಮತದ ದಿನಗಳಲ್ಲಿ ನೆರೆಯೂರುಗಳವರೂ ತಮ್ಮ ಊರಿನದೇ ಕೆಲಸವೆಂಬಂತೆ ಕೈಗೂಡಿಸಿದುದು ಇಂಥ ಗೆಲುವಿನ ಗುಟ್ಟು. ಚಿಕ್ಕ ಗ್ರಾಮವೊಂದರ ಮತಗಳಷ್ಟೇ ಎಲ್ಲಿ ಸಾಲಬೇಕು?

ಗೆದ್ದವರ ಸಂತೋಷದಲ್ಲಿ ನಾವೂ ಭಾಗಿಗಳು. ಆದರೂ ನಮ್ಮ ಅಭಿಪ್ರಾಯವನ್ನು ಮುಚ್ಚಿಡಲಾರೆವು. ವರ್ಷಕ್ಕೆ ದೊಡ್ಡ ಬಹುಮಾನ ಒಂದು. ಸೋರುವ ಮಾಡುಗಳು ಎಷ್ಟೋ. ಯಾವ ಊರಿನ ಕಥೆ ಹೆಚ್ಚು ಕರುಣೆ ಹುಟ್ಟಿಸುತ್ತದೆಯೋ ಅದರ ಮಾಡು ಮೊದಲು ಗಟ್ಟಿಯಾಗಬೇಕೆಂಬುದು ನ್ಯಾಯವೇ? ಹಿಮದ ಭಾರಕ್ಕೆ ಕಥೆಯ ಗೊಡವೆಯಿಲ್ಲ, ಅದು ಎಲ್ಲ ಮಾಡುಗಳ ಮೇಲೂ ಬೀಳುತ್ತದೆ. ಪ್ಲಾಸ್ಟರ್ ರಾಕಿನವರ ರೀತಿ ನಿಧಾನವಾದುದು, ಬೆನ್ನು ನೋಯಿಸುವಂಥದು. ಆದರೆ ಅದರಲ್ಲಿ ಸೋತ ಊರು ಯಾವುದೂ ಇಲ್ಲ. ಹೊಗಳಬೇಕಾದರೆ ನಾವು ಅದನ್ನೇ ಹೆಚ್ಚು ಹೊಗಳುವೆವು.

ಹೊಸ ಕಟ್ಟಡವೆಂದರೆ ಚಿಂತೆ ತೀರಿತೆಂದಲ್ಲ. ವಿದ್ಯುತ್ತಿನ ಲೆಕ್ಕ ತಿಂಗಳು ತಿಂಗಳೂ ಬರುತ್ತದೆ. ಯಂತ್ರ ನೋಡಿಕೊಳ್ಳಲು ಅರಿತ ಕೈ ಬೇಕು. ಸಂಬಳವಿಲ್ಲದೆ ದುಡಿದವರಿಗೂ ವಯಸ್ಸಾಗುತ್ತದೆ. 2023ರ ಆರಂಭದಲ್ಲಿ ಪ್ರಾಂತದ ಸರಕಾರವು ಸ್ಥಳೀಯಾಡಳಿತವನ್ನು ಮರುವಿಂಗಡಿಸಿದಾಗ, ಪ್ಲಾಸ್ಟರ್ ರಾಕ್ ಸುತ್ತಣ ಪ್ರದೇಶದೊಡನೆ ಸೇರಿ ಟೊಬೀಕ್ ವ್ಯಾಲಿ ಎಂಬ ಹೊಸ ಘಟಕವಾಯಿತು. ಊರಿನವರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದ್ದರೆ ಆಶ್ಚರ್ಯವಿಲ್ಲ. ಕೆರೆಯ ವಿಷಯದಲ್ಲಿಯೂ ನಿಶ್ಚಿಂತೆಯಿಲ್ಲ. ಚಳಿಗಾಲಗಳು ಬೆಚ್ಚಗಾಗುತ್ತಿವೆಯೆಂಬುದನ್ನು ಹಿತ್ತಲಿನ ರಿಂಕುಗಳಿಂದಲೇ ಅಳೆಯಲು 2013ರಲ್ಲಿ ಒಂಟೇರಿಯೋದ ವಿಲ್ಫ್ರಿಡ್ ಲಾರಿಯೇ ವಿಶ್ವವಿದ್ಯಾನಿಲಯದ ಪಂಡಿತರು ಒಂದು ಕಾರ್ಯವನ್ನು ಆರಂಭಿಸಿದರು: ಇಂದು ನಿಮ್ಮ ಅಂಗಳದ ಗಡ್ಡೆ ಆಡಲು ಬರುವಂತಿತ್ತೇ ಎಂದು ಗೃಹಸ್ಥರನ್ನೇ ಕೇಳಿ ಬರೆದಿಡುವುದು.

ಏಪ್ರಿಲ್ ಕಳೆಯುವ ಹೊತ್ತಿಗೆ ಆ ಸೀಮೆಯ ಕೆರೆಗಳ ಗಡ್ಡೆ ಒಡೆಯುತ್ತದೆ. ದಿಬ್ಬಗಳೂ ಅಂಗಣಗಳೂ ನೀರಾಗುತ್ತವೆ. ಕಂಡಿಯ ಪೆಟ್ಟಿಗೆಗಳನ್ನು ಅದಕ್ಕೆ ಮೊದಲೇ ಎತ್ತಿಡಬೇಕು. ಟೊಬೀಕ್ ಪ್ಲೆಕ್ಸಿನಂಥ ಮನೆಗಳಲ್ಲಿಯೂ ಯಂತ್ರವನ್ನು ನಿಲ್ಲಿಸಿ, ಬಣ್ಣದ ಗೆರೆಗಳ ಸಹಿತ ಗಡ್ಡೆಯನ್ನು ಕರಗಲು ಬಿಟ್ಟು, ಕೊಳವೆ, ಪಾತ್ರೆ, ಮಾಡಿನ ತೊಲೆಗಳನ್ನು ಒಂದೊಂದಾಗಿ ಪರೀಕ್ಷಿಸುವ ಕಾಲ ಅದು. ಹೊಳೆಯ ದಡದಲ್ಲಿ ಅಷ್ಟು ಹೊತ್ತಿಗೆ ಜರಿಯ ಚಿಗುರು ಏಳಲು ತೊಡಗಿರುತ್ತದೆ.